ಮಾತಾಡೋ ನಾಯಿ ಸಿನಿಮಾ, ಕೈಯಲ್ಲಿ ದುಡ್ಡಿಲ್ಲ: ಬಾಯಿ ಆಡಿಸಬೇಕಾ, ಬಿಡಬೇಕಾ?

ಚಿಲ್ಲರೆ ಡೈರೆಕ್ಟರ್

ಎಲ್ಲರಿಗೂ ನಮಸ್ಕಾರ. ತೊಂಬತ್ತು ನಿಮಿಷದ ಫ್ಯಾಮಿಲಿ ಕಾಮಿಡಿ ಮಾಡೋಕೆ ಹೊರಟಿದ್ದೀವಿ. ಒಂದೇ ಮನೆ, ಐದು ಜನ, ಒಂದು ನಾಯಿ. ನಾಯಿ ಹೆಸರು ಮಂತ್ರಿ. ಮನೆಯವರೆಲ್ಲ ಒಬ್ಬರಿಗೊಬ್ಬರು ಏನಾದರೊಂದು ಮುಚ್ಚಿಟ್ಟಿರ್ತಾರೆ. ಅಪ್ಪನ ಕೆಲಸ ಹೋಗಿದೆ, ಆದರೂ ದಿನಾ ಬೆಳಗ್ಗೆ ಶೂ ಹಾಕ್ಕೊಂಡು ಆಫೀಸಿಗೆ ಅಂತ ಹೊರಡ್ತಾನೆ. ಅಮ್ಮ ಗುಟ್ಟಾಗಿ ಮನೆ ಮಾರೋಕೆ ವಿಚಾರಿಸ್ತಿದ್ದಾಳೆ. ಅಜ್ಜಿ ಸಕ್ಕರೆ ಕಾಯಿಲೆ ಇಟ್ಕೊಂಡು ಕದ್ದು ಸಿಹಿ ತಿಂತಾಳೆ. ಮಕ್ಕಳದ್ದು ಮಕ್ಕಳಿಗೆ. ಎಲ್ಲರ ಗುಟ್ಟೂ ಮೂಗಿನಿಂದಲೇ ಗೊತ್ತಿರೋದು ಮಂತ್ರಿಗೆ ಮಾತ್ರ. ಒಂದು ದಿನ ಅದಕ್ಕೆ ಮಾತು ಬರುತ್ತೆ.

ಸ್ಕ್ರಿಪ್ಟ್ ಮುಗಿದಿದೆ. ತಾಪತ್ರಯ ಏನಂದ್ರೆ ನಾಯಿಗೆ ಹೆಚ್ಚುಕಮ್ಮಿ ಪ್ರತಿ ಸೀನಲ್ಲೂ ಡೈಲಾಗ್ ಇದೆ. ಬಾಯಿ ಆಡಿಸೋ ಗ್ರಾಫಿಕ್ಸ್‌ಗೆ ಬಂದಿರೋ ಕೊಟೇಶನ್ ಮಿಕ್ಕ ಇಡೀ ಸಿನಿಮಾದ ಖರ್ಚಿಗಿಂತ ಜಾಸ್ತಿ. ನಿರ್ಮಾಪಕರು "ಬಾಯೇ ಆಡಲ್ಲ ಅಂದ್ರೆ ಮಾತಾಡೋ ನಾಯಿ ಅಂತ ಪೋಸ್ಟರ್ ಹಾಕೋದು ಹೆಂಗೆ" ಅಂತಾರೆ. ನನಗೆ ಬರೀ ಧ್ವನಿ ಸಾಕು ಅನ್ಸುತ್ತೆ. ಈ ಥರದ್ದು ಮಾಡಿದವರು, ನೋಡಿದವರು, ನೋಡಿ ಬೈದವರು, ಎಲ್ಲರೂ ಹೇಳಿ.

ಮೂರನೇ ಸಾಲು

ನೋಡಿ ಬೈದವರ ಕಡೆಯಿಂದ ಹಾಜರಿ. ಮನೇಲಿ ಇಬ್ಬರು ಮಕ್ಕಳಿರೋದರಿಂದ ಇಂಥ ಸಿನಿಮಾಗಳು ನನ್ನ ಹಣೇಬರಹ. ಒಂದು ವಿಷಯ ಗಮನಿಸಿದ್ದೀನಿ: ಬಾಯಿ ಸರಿಯಾಗಿ ಆಡ್ತಿಲ್ಲ ಅಂತ ಗೊಣಗೋದು ನಾನು, ನನ್ನ ಹೆಂಡತಿ. ಮಕ್ಕಳು ಅದರ ಬಗ್ಗೆ ಒಂದು ಮಾತೂ ಆಡಿಲ್ಲ. ಅವರ ಪ್ರಶ್ನೆಗಳೇ ಬೇರೆ. "ಆ ನಾಯಿಗೆ ಮಾತು ಬರುತ್ತಲ್ಲ, ಕಳ್ಳ ಯಾರು ಅಂತ ಪೊಲೀಸ್‌ಗೆ ಯಾಕೆ ಹೇಳ್ತಿಲ್ಲ?" ಇದಕ್ಕೆ ಆ ಸಿನಿಮಾದಲ್ಲಿ ಉತ್ತರ ಇರಲಿಲ್ಲ, ನನ್ನ ಹತ್ತಿರವೂ ಇರಲಿಲ್ಲ. ಚಿಕ್ಕವಳು ಹತ್ತು ನಿಮಿಷದಲ್ಲಿ ಎದ್ದು ಹೋದಳು.

ಹಾಗಾಗಿ ನನ್ನದೊಂದು ಪ್ರಶ್ನೆ. ಮಂತ್ರಿ ಮಾತಾಡಿದ್ದು ಯಾರ್ಯಾರಿಗೆ ಕೇಳಿಸುತ್ತೆ?

ಚಿಲ್ಲರೆ ಡೈರೆಕ್ಟರ್

ಎಲ್ಲರಿಗೂ. ಮೊದಲು ಮಗನಿಗೆ ಗೊತ್ತಾಗುತ್ತೆ, ಆಮೇಲೆ ಒಬ್ಬೊಬ್ಬರಿಗೇ.

ಹಳೇ ರೀಲು

ಅಲ್ಲೇ ಸ್ವಲ್ಪ ನಿಲ್ಲಿ. ಮಾತಾಡೋ ಪ್ರಾಣಿ ಕಥೆಗಳು ನಿಂತಿರೋದೇ ಈ ಒಂದು ಕಟ್ಟಳೆ ಮೇಲೆ. 1961ರಿಂದ 1966ರವರೆಗೆ ಓಡಿದ ಅಮೆರಿಕದ ಟೀವಿ ಧಾರಾವಾಹಿ 'ಮಿಸ್ಟರ್ ಎಡ್'. ಅದರಲ್ಲಿ ಕುದುರೆ ಮಾತಾಡೋದು ತನ್ನ ಯಜಮಾನನ ಹತ್ತಿರ ಮಾತ್ರ. ಬೇರೆ ಯಾರೇ ಬಂದರೂ ಅದು ಬರೀ ಕುದುರೆ. ಐದು ವರ್ಷ ಕಾಮಿಡಿ ಹುಟ್ಟಿದ್ದು ಆ ಒಂದೇ ಕಟ್ಟಳೆಯಿಂದ, ಯಾಕಂದ್ರೆ ಯಜಮಾನ ಪ್ರತಿ ಸಲವೂ ಹುಚ್ಚನ ಥರ ಕಾಣಬೇಕು. ಅದರ ಹಿಂದಿದ್ದ ನಿರ್ದೇಶಕ ಆರ್ಥರ್ ಲೂಬಿನ್ 1950ರಲ್ಲೇ ಮಾತಾಡೋ ಹೇಸರಗತ್ತೆ ಸಿನಿಮಾ 'ಫ್ರಾನ್ಸಿಸ್' ಮಾಡಿದ್ದವರು, ಪಳಗಿದ ಕೈ.

1995ರ ಹಂದಿಮರಿ ಸಿನಿಮಾ 'ಬೇಬ್'ನಲ್ಲಿ ಇನ್ನೊಂದು ಕಟ್ಟಳೆ: ಪ್ರಾಣಿಗಳು ತಮ್ಮತಮ್ಮಲ್ಲಿ ಮಾತಾಡ್ತವೆ, ಮನುಷ್ಯರಿಗೆ ಕೇಳಿಸಲ್ಲ. ರೈತ ಕೊನೆವರೆಗೂ ಹಂದಿಮರಿಯ ಒಂದು ಮಾತೂ ಕೇಳಿಸ್ಕೊಳ್ಳಲ್ಲ, ಆದರೂ ಇಬ್ಬರಿಗೂ ಅರ್ಥ ಆಗುತ್ತೆ.

ನಿಮ್ಮ ಕಥೆಯಲ್ಲಿ ಎಲ್ಲರಿಗೂ ಕೇಳಿಸಿಬಿಟ್ರೆ ಇಂಟರ್ವಲ್ ಹೊತ್ತಿಗೆ ಮಂತ್ರಿ ಆರನೇ ಮನುಷ್ಯ ಆಗ್ತಾನೆ. ಮೈಮೇಲೆ ಕೂದಲಿರೋ ಒಬ್ಬ ಮಾವ.

ಸುಮ್ನಿರು ಬಸ್ಯಾ

ಮೈಮ್ಯಾಲೆ ಕೂದಲಿರೋ ಮಾವ ನಮ್ಮನ್ಯಾಗೂ ಅದಾನ್ರೀ, ಅವಂಗ್ ಗ್ರಾಫಿಕ್ಸ್ ಖರ್ಚಿಲ್ಲ. ಹಾಕ್ಕೋತೀರೇನು?

ಫ್ರೇಮ್‌ಗಣಿತ

ನಾನು ಕಂಪೋಸಿಟಿಂಗ್ ಕೆಲಸದವನು, ಅಂದ್ರೆ ಬೇರೆಬೇರೆ ಚಿತ್ರಗಳನ್ನ ಒಂದೇ ಫ್ರೇಮಲ್ಲಿ ಬೆರೆಸೋನು, ಕೊಟೇಶನ್ ಯಾಕೆ ಅಷ್ಟು ಬಂತು ಅಂತ ಹೇಳ್ತೀನಿ. ಒಂದು ಸೆಕೆಂಡಿಗೆ 24 ಫ್ರೇಮ್. ನಾಯಿಗೆ 150 ಮಾತಿದೆ, ಒಂದೊಂದು ಸರಾಸರಿ 3 ಸೆಕೆಂಡು ಅಂದ್ಕೊಳ್ಳಿ. 450 ಸೆಕೆಂಡು, ಅಂದ್ರೆ 10,800 ಫ್ರೇಮ್. ಒಂದೊಂದರಲ್ಲೂ ಮೂತಿ ಎಲ್ಲಿದೆ ಅಂತ ಟ್ರ್ಯಾಕ್ ಮಾಡಬೇಕು, ಕೆಳದವಡೆ ಬೇರೆ ಮಾಡಬೇಕು, ಬಾಯೊಳಗಿನ ಕತ್ತಲೆ, ಹಲ್ಲು, ನಾಲಿಗೆ ಹೊಸದಾಗಿ ಕೂರಿಸಬೇಕು, ಆಮೇಲೆ ಆ ಕೂದಲಂಚು ಹಿನ್ನೆಲೆ ಜೊತೆ ಬೆರೆಯಬೇಕು. ನಾಯಿ ತಲೆ ಅಲ್ಲಾಡಿಸಿದರೆ ಎಲ್ಲಾ ಮೊದಲಿಂದ.

ಅಗ್ಗದ ದಾರಿ ಅಂದ್ರೆ ಟು-ಡಿ ವಾರ್ಪ್. ಇರೋ ಚಿತ್ರವನ್ನೇ ಹಿಗ್ಗಿಸಿ ಕುಗ್ಗಿಸಿ ಬಾಯಿ ಆಡಿದ ಹಾಗೆ ಮಾಡೋದು. ನಾಯಿ ಬಾಯಿ ಮುಚ್ಚಿಕೊಂಡು ಅಲ್ಲಾಡದೆ ಮುಕ್ಕಾಲು ಪಕ್ಕಕ್ಕೆ ನೋಡ್ತಾ ಕೂತಿದ್ರೆ ಪರವಾಗಿಲ್ಲ ಅನ್ನೋ ಹಾಗೆ ಬರುತ್ತೆ. ನೇರ ಎದುರಿಂದ ತೆಗೆದರೆ ಮೂತಿ ರಬ್ಬರಾಗುತ್ತೆ. ಈಗಿನ ಲಿಪ್‌ಸಿಂಕ್ ಎಐ ಟೂಲ್ ಇದೆಯಲ್ಲ ಅಂತ ಯಾರಾದರೂ ಕೇಳೋ ಮೊದಲೇ ಹೇಳ್ತೀನಿ: ಅವುಗಳಲ್ಲಿ ಎಷ್ಟೋ ಮನುಷ್ಯರ ಮುಖಕ್ಕೆ ಮಾಡಿದವು, ಉದ್ದ ಮೂತಿ ಕಂಡರೆ ಅದು ಮುಖ ಅಂತಲೇ ಒಪ್ಪಲ್ಲ.

ಬಿಡಿ, ಇದೆಲ್ಲ ದುಡ್ಡಿನ ಮಾತಾಯ್ತು. ನಿಜವಾದ ಕಷ್ಟ ಇರೋದು ಬೇರೆ ಕಡೆ, ಡೈಲಾಗ್ ಬರೆಯೋವಾಗ ಯಾರೂ ಅದರ ಬಗ್ಗೆ ಯೋಚನೆ ಮಾಡಲ್ಲ. ಯಾವ ಅಕ್ಷರಕ್ಕೆ ತುಟಿ ಮುಚ್ಚಬೇಕು?

ಕಂಠದಾನಿ

ಇದು ನನ್ನ ಕ್ಷೇತ್ರ, ನಾನು ಹೇಳ್ತೀನಿ ಸರ್. ವರ್ಷಗಳಿಂದ ಡಬ್ಬಿಂಗ್ ಮಾಡ್ಕೊಂಡು ಬಂದಿರೋಳು. ಪ, ಫ, ಬ, ಭ, ಮ. ಶಾಲೆಯಲ್ಲಿ ಓಷ್ಠ್ಯ ಅಂತ ಕಲಿತದ್ದು. ಈ ಐದಕ್ಕೆ ಎರಡೂ ತುಟಿ ಸೇರಲೇಬೇಕು. ಮಿಕ್ಕ ಅಕ್ಷರಗಳಿಗೆ ಬಾಯಿ ಸುಮಾರಾಗಿ ತೆರೆದು ಮುಚ್ಚಿದರೂ ನೋಡೋರು ಒಪ್ಕೋತಾರೆ. ತುಟಿ ತೆರೆದಿರೋವಾಗ 'ಮ' ಕೇಳಿಸಿದರೆ ಮಾತ್ರ ತಕ್ಷಣ ಕಣ್ಣಿಗೆ ಹೊಡೆಯುತ್ತೆ. ನಾಯಿ ಸೆಟ್‌ನಲ್ಲಿ ಏದುಸಿರು ಬಿಡ್ತಾ ಬಾಯಿ ತೆರೆದುಕೊಂಡೇ ಇರುತ್ತೆ. ನೀವು ಅದರ ಬಾಯಲ್ಲಿ "ಅಮ್ಮಮ್ಮಾ, ಭಾರೀ ಬಿಸಿ ಬಿಸಿ" ಅಂತ ಹೇಳಿಸಿದರೆ ಗ್ರಾಫಿಕ್ಸ್ ಹುಡುಗರ ಶಾಪ ತಟ್ಟುತ್ತೆ.

ನಿಮ್ಮದು ಸಂಸಾರದ ಕಥೆ ಬೇರೆ. ಅಣ್ಣ, ಅಕ್ಕ, ಅಜ್ಜಿ, ತಾತ, ಇವರೆಲ್ಲ ಕ್ಷೇಮ. ಅಪಾಯ ಇರೋದು ಅಪ್ಪ, ಅಮ್ಮ ಇಬ್ಬರಲ್ಲೇ, ಒತ್ತಕ್ಷರ ಬೇರೆ.

ಸುಮ್ನಿರು ಬಸ್ಯಾ

ಹಂಗಾರ ತಾಯಿ-ತಂದಿ ಅನ್ನಸ್ರಿ. ನಾಯಿ ಹಳೇ ನಾಟಕದ ಕಂಪನಿಯಿಂದ ಬಂದೈತಿ ಅಂದ್ರ ಮುಗೀತು.

ಚಿಲ್ಲರೆ ಡೈರೆಕ್ಟರ್

ಬಸ್ಯಾ ಅವರೇ, ಇದು ತಮಾಷೆಗೆ ಹೇಳಿದ್ರೋ ಗೊತ್ತಿಲ್ಲ, ನಾನು ಬರ್ಕೊಂಡೆ. ನಾಟಕದ ಕನ್ನಡ ಮಾತಾಡೋ ನಾಯಿ ಅನ್ನೋದೇ ಒಂದು ಪಾತ್ರ ಅಲ್ವಾ.

ಹಳೇ ರೀಲು

ಬೇಡ. ಎರಡು ಸೀನ್ ನಗು ಬರುತ್ತೆ, ಮೂರನೇದಕ್ಕೆ ತಲೆನೋವು.

ಶ್ವಾನಸಂಗಿ

ಇಷ್ಟು ಹೊತ್ತಾದರೂ ಯಾರೂ ನಾಯಿ ಬಗ್ಗೆ ಮಾತಾಡಲಿಲ್ಲ! ನಾನು ನಾಯಿಗಳಿಗೆ ತರಬೇತಿ ಕೊಡೋಳು, ಶೂಟಿಂಗ್‌ಗೂ ಕಳಿಸಿದ್ದೀನಿ. ಒಂದೊಂದಾಗಿ ಹೇಳ್ತೀನಿ, ಉದ್ದ ಆಗುತ್ತೆ, ತಾಳ್ಮೆ ಇರಲಿ.

ನಾಯಿ ಯಾವತ್ತೂ ನಟನ ಕಣ್ಣು ನೋಡಲ್ಲ. ತಿಂಡಿ ಯಾರ ಕೈಯಲ್ಲಿದೆಯೋ ಆ ಕೈ ನೋಡುತ್ತೆ. ಅದಕ್ಕೇ ಅಗ್ಗದ ಸಿನಿಮಾಗಳಲ್ಲಿ ಹುಡುಗ ಕಣ್ಣೀರು ಹಾಕ್ತಿರ್ತಾನೆ, ನಾಯಿ ಕ್ಯಾಮೆರಾ ಪಕ್ಕದ ಯಾವುದೋ ಮೂಲೆ ಕಡೆ ಭಕ್ತಿಯಿಂದ ನೋಡ್ತಿರುತ್ತೆ. ತರಬೇತುದಾರರು ನಟನ ಭುಜದ ಹಿಂದೆಯೇ ನಿಲ್ಲಬೇಕು, ತಿಂಡಿ ನಟನ ಕಿವಿ ಎತ್ತರದಲ್ಲಿ ಹಿಡಿಯಬೇಕು. ಇದಕ್ಕೆ ಒಂದು ಕಾಸೂ ಖರ್ಚಿಲ್ಲ, ಆದರೂ ಮಾಡಲ್ಲ.

ನೆಲದ ಮೇಲೆ ಗುರುತು ಹಾಕೋವಾಗ ಕೆಂಪು ಟೇಪ್ ಬಳಸ್ತಾರೆ. ಹಸಿರು ಕಾರ್ಪೆಟ್ ಮೇಲೆ ಕೆಂಪು ಟೇಪ್ ನಮಗೆ ಎದ್ದು ಕಾಣುತ್ತೆ, ನಾಯಿಗೆ ಎರಡೂ ಹೆಚ್ಚುಕಮ್ಮಿ ಒಂದೇ. ಅದರ ಕಣ್ಣಿಗೆ ಚೆನ್ನಾಗಿ ಬೇರೆಬೇರೆಯಾಗಿ ಕಾಣೋದು ನೀಲಿ, ಹಳದಿ. ಅದಕ್ಕಿಂತ ಒಳ್ಳೇದು, ಕಾಲಿಗೆ ಸಿಗೋ ಹಾಗೆ ಒಂದು ಸಣ್ಣ ಮಣೆ ಇಟ್ಟು ಅದರ ಮೇಲೆ ನಿಲ್ಲೋದು ಕಲಿಸಿ. ಫ್ರೇಮಿನ ಕೆಳಗೆ ಮಣೆ ಕಾಣಲ್ಲ.

ತಲೆ ಓರೆ ಮಾಡೋ ಆ ಮುದ್ದು ಶಾಟ್ ಎಲ್ಲರಿಗೂ ಬೇಕು. ಹೊಸ ಸದ್ದು ಕೇಳಿದಾಗ ಮಾಡುತ್ತೆ. ಅದೇ ಪೀಪಿ ಊದ್ತಾ ಇದ್ರೆ ಸ್ವಲ್ಪ ಹೊತ್ತಿಗೆ ಅದಕ್ಕೆ ಬೇಜಾರು. ರಿಹರ್ಸಲ್‌ನಲ್ಲಿ ಪೀಪಿ ಊದಿ ಖುಷಿಪಡೋ ಅಸಿಸ್ಟೆಂಟ್‌ನ ಸೆಟ್‌ನಿಂದ ಹೊರಗೆ ಕಳಿಸಿ, ಕ್ಯಾಮೆರಾ ಓಡೋವಾಗ ಮಾತ್ರ ಊದಿ.

ಇನ್ನು ಮುಖ್ಯವಾದ್ದು. "ನಾಯಿ ನಗ್ತಿದೆ" ಅಂತ ನೀವು ಇಟ್ಟುಕೊಳ್ಳೋ ಎಷ್ಟೋ ಶಾಟ್‌ಗಳಲ್ಲಿ ಅದಕ್ಕೆ ಸೆಕೆ, ಅಥವಾ ಗಾಬರಿ. ಪದೇಪದೇ ತುಟಿ ನೆಕ್ಕೋದು, ನಿದ್ದೆ ಬರದೇನೇ ಆಕಳಿಸೋದು, ಕಣ್ಣಿನ ಬಿಳಿ ಕಾಣೋ ಹಾಗೆ ಓರೆಯಾಗಿ ನೋಡೋದು, ಕಿವಿ ಹಿಂದಕ್ಕೆ ಒತ್ತಿಕೊಳ್ಳೋದು, ಇವು ಸಾಕಪ್ಪಾ ಅನ್ನೋ ಸೂಚನೆ. ನಾಯಿ ಸಾಕಿದವರು ಥಿಯೇಟರ್‌ನಲ್ಲಿ ಇದನ್ನ ನೋಡಿದರೆ ನಗಲ್ಲ. ಮೈ ತಣ್ಣಗೆ ಮಾಡ್ಕೊಳ್ಳೋಕೆ ನಾಯಿಗಿರೋ ಮುಖ್ಯ ದಾರಿ ಏದುಸಿರೇ, ನಮ್ಮ ಥರ ಮೈಯೆಲ್ಲ ಬೆವರಲ್ಲ. ಲೈಟಿನ ಕೆಳಗೆ ಕಾಯಿಸಿದಷ್ಟೂ ಬಾಯಿ ತೆರೆದೇ ಇರುತ್ತೆ. ಕಂಠದಾನಿ ಮೇಡಂ ಹೇಳಿದ 'ಮ'ಕಾರದ ಸಮಸ್ಯೆಗೆ ಅರ್ಧ ಪರಿಹಾರ ಫ್ಯಾನು, ನೀರು, ನೆರಳು.

ಬಂಗುಡೆ ಭಟ್ರು

ಬಾಯಿ ಆಡಿಸ್ಲಿಕ್ಕೆ ಪೀನಟ್ ಬಟರ್ ಹಚ್ಚಿದ್ರೆ ಸಾಕಲ್ಲ ಮಾರಾಯ್ರೆ? ಕುದುರೆಗೆ ಹಾಗೇ ಮಾಡಿದ್ದಂತಲ್ಲ.

ಹಳೇ ರೀಲು

ಭಟ್ರೇ, ಆ ಕಥೆ ಹಬ್ಬಿಸಿದ್ದು ಎಡ್‌ನ ಯಜಮಾನನ ಪಾತ್ರ ಮಾಡಿದ ಅಲನ್ ಯಂಗ್. ಗುಟ್ಟು ಬಿಟ್ಟುಕೊಡಬಾರದು ಅಂತ ತಾನೇ ಹುಟ್ಟಿಸಿದ್ದು ಅಂತ ಆಮೇಲೆ ಅವರೇ ಹೇಳಿದರು. ನಿಜಕ್ಕೂ ಮಾಡಿದ್ದು ತುಟಿ ಕೆಳಗೆ ನೈಲಾನ್ ದಾರ ಸೇರಿಸಿ ಎಳೆಯೋದು. ಬರಬರುತ್ತಾ ಕುದುರೆ ತಾನೇ ಕಲಿತುಬಿಡ್ತಂತೆ, ತರಬೇತುದಾರ ಗೊರಸು ಮುಟ್ಟಿದರೆ ತುಟಿ ಆಡಿಸೋದು.

ಶ್ವಾನಸಂಗಿ

ದಾರ ಗೀರ ಯಾರೂ ಈಗ ಮಾಡೋಕೆ ಹೋಗಬೇಡಿ ದಯವಿಟ್ಟು. ಪೀನಟ್ ಬಟರ್ ಹಚ್ಚೋರಿಗೆ ಒಂದು ಎಚ್ಚರಿಕೆ: ಡಬ್ಬಿ ಮೇಲಿನ ಪಟ್ಟಿ ಓದಿ. 'ಶುಗರ್ ಫ್ರೀ' ಅಂತ ಇರೋ ಕೆಲವದರಲ್ಲಿ ಸಕ್ಕರೆ ಬದಲು ಕ್ಸೈಲಿಟಾಲ್ ಹಾಕಿರ್ತಾರೆ. ನಮಗೆ ಏನೂ ಆಗಲ್ಲ, ನಾಯಿಗೆ ಅದು ವಿಷ. ಸ್ವಲ್ಪ ತಿಂದರೂ ರಕ್ತದಲ್ಲಿ ಸಕ್ಕರೆ ಧಡಾರನೆ ಇಳಿಯುತ್ತೆ, ಯಕೃತ್ತೂ ಕೆಡಬಹುದು.

ಅದಿಲ್ಲದ್ದನ್ನ ಹಚ್ಚಿದರೂ ನಿಮಗೆ ಸಿಗೋದು ಅಂಗುಳಕ್ಕೆ ಅಂಟಿದ್ದನ್ನ ನೆಕ್ಕೋ ನಾಯಿ. ಮಾತಾಡೋ ನಾಯಿ ಅಲ್ಲ.

ಬಂಗುಡೆ ಭಟ್ರು

ಅಯ್ಯೋ ದೇವರೇ. ನಮ್ಮ ನಾಯಿಗೆ ಕೊಡುವ ಡಬ್ಬಿ ಈಗಲೇ ಓದ್ತೇನೆ, ನಿಲ್ಲಿ.

ಕತ್ತರಿ ಕೆಲಸ

ಎಡಿಟರ್ ಕಡೆಯಿಂದ. ಚಿಲ್ಲರೆ ಗುರುಗಳೇ, ನಿಮ್ಮ ಪರ ನಾನು. ಬಾಯಿ ಆಡಿಸಬೇಡಿ. ಕಾರಣ ದುಡ್ಡಲ್ಲ.

ಕಾಮಿಡಿ ಸಿನಿಮಾ ಎಡಿಟಿಂಗ್ ಟೇಬಲ್ ಮೇಲೆ ಮತ್ತೊಂದು ಸಲ ಬರೆಸಿಕೊಳ್ಳುತ್ತೆ. ಹತ್ತು ಜನರನ್ನ ಕೂರಿಸಿ ತೋರಿಸ್ತೀರಿ, ನಗಬೇಕಾದ ಜಾಗದಲ್ಲಿ ಯಾರೂ ನಗಲ್ಲ. ನಾಯಿದು ಬರೀ ಧ್ವನಿ ಆದರೆ ಮಾರನೇ ದಿನ ಸ್ಟುಡಿಯೋಗೆ ಹೋಗಿ ಹೊಸ ಜೋಕು ರೆಕಾರ್ಡ್ ಮಾಡಿ ಅದೇ ಶಾಟ್ ಮೇಲೆ ಹಾಕಬಹುದು. ಬಿಡುಗಡೆ ಹಿಂದಿನ ವಾರದವರೆಗೂ ಮಂತ್ರಿ ಏನು ಬೇಕಾದರೂ ಹೇಳಬಹುದು. ಬೇರೆ ಯಾವ ನಟನಿಂದಲೂ ಈ ಸೌಕರ್ಯ ಸಿಗಲ್ಲ. ಬಾಯಿ ಗ್ರಾಫಿಕ್ಸ್ ಮಾಡಿಸಿದ ದಿನವೇ ಆ ಜೋಕು ಕಲ್ಲಾಗಿ ಕೂತುಬಿಡುತ್ತೆ. ಬದಲಾಯಿಸಬೇಕು ಅಂದ್ರೆ ಫ್ರೇಮ್‌ಗಣಿತ ಅವರಿಗೆ ಮತ್ತೆ ದುಡ್ಡು ಎಣಿಸಬೇಕು.

1993ರ 'ಹೋಮ್‌ವರ್ಡ್ ಬೌಂಡ್' ನೋಡಿ. ಎರಡು ನಾಯಿ, ಒಂದು ಬೆಕ್ಕು, ಮೂರಕ್ಕೂ ದೊಡ್ಡ ನಟರ ಧ್ವನಿ, ಒಂದರ ಬಾಯೂ ಆಡಲ್ಲ. ಮೊದಲ ಐದು ನಿಮಿಷ ಗೊತ್ತಾಗುತ್ತೆ, ಆಮೇಲೆ ಮರೆತೇ ಹೋಗುತ್ತೆ. ರಷ್ಯಾದ ನಿರ್ದೇಶಕ ಕುಲೆಶೋವ್ ಮಾಡಿದ ಪ್ರಯೋಗ ಸಿನಿಮಾ ಓದಿದವರಿಗೆಲ್ಲ ಗೊತ್ತು: ನಟನ ಒಂದೇ ನಿರ್ವಿಕಾರ ಮುಖ, ಪಕ್ಕದಲ್ಲಿ ಸೂಪಿನ ಬಟ್ಟಲು ಹಾಕಿದರೆ ಹಸಿವು, ಶವಪೆಟ್ಟಿಗೆ ಹಾಕಿದರೆ ದುಃಖ. ನಾಯಿಗಿಂತ ಒಳ್ಳೆಯ ನಿರ್ವಿಕಾರ ಮುಖ ಯಾರದ್ದಿದೆ? ಅದರ ಮೂತಿ ಗುಬುಗುಬು ಅಂತ ಆಡಿಸಿದ ಕೂಡಲೇ ನೋಡೋನು ಮುಖ ಓದೋದು ಬಿಟ್ಟು ಬಾಯಿ ತಪಾಸಣೆ ಶುರು ಮಾಡ್ತಾನೆ.

ಫ್ರೇಮ್‌ಗಣಿತ

ಒಪ್ಪಲ್ಲ. 'ಬೇಬ್' ಬಾಯಿ ಆಡಿಸಿತ್ತು, ವಿಶುವಲ್ ಎಫೆಕ್ಟ್ಸ್ ಆಸ್ಕರ್ ಕೂಡ ತಗೊಂಡಿತ್ತು. ಅದು ನೋಡೋವಾಗ ಯಾರು ಬಾಯಿ ತಪಾಸಣೆ ಮಾಡಿದರು?

ಕತ್ತರಿ ಕೆಲಸ

ಆ ಬಜೆಟ್ ಈ ಮನುಷ್ಯರ ಹತ್ತಿರ ಇದೆಯಾ? ಹಂದಿಮರಿ ಬೇಗ ಬೆಳೆದುಬಿಡುತ್ತೆ ಅಂತ ಒಂದು ಪಾತ್ರಕ್ಕೆ 48 ಮರಿ ಇಟ್ಕೊಂಡಿದ್ದ ಸಿನಿಮಾ ಅದು. ಜೊತೆಗೆ ಗೊಂಬೆಯಾಟಕ್ಕೆ ಹೆಸರಾದ ಜಿಮ್ ಹೆನ್ಸನ್ ಕಾರ್ಯಾಗಾರದ ಯಾಂತ್ರಿಕ ಗೊಂಬೆಗಳು. ಕಮ್ಮಿ ದುಡ್ಡಲ್ಲಿ ಬಾಯಿ ಆಡಿಸಿದರೆ ಏನಾಗುತ್ತೆ ಅನ್ನೋದಕ್ಕೆ 2013ರ 'ಎ ಟಾಕಿಂಗ್ ಕ್ಯಾಟ್' ನೋಡಿ. ಬೆಕ್ಕಿನ ಮುಖದ ಮೇಲೆ ಒಂದು ಕಪ್ಪು ತೂತು ತೆರೆದು ಮುಚ್ಚುತ್ತೆ, ಅಷ್ಟೇ. ಜನ ಈಗಲೂ ಅದನ್ನ ಗುಂಪು ಕಟ್ಟಿಕೊಂಡು ನೋಡಿ ಬಿದ್ದುಬಿದ್ದು ನಗ್ತಾರೆ, ಆದರೆ ಬೆಕ್ಕು ಹೇಳಿದ ಜೋಕಿಗಲ್ಲ.

ಫ್ರೇಮ್‌ಗಣಿತ

ಅದಕ್ಕೇ ನಾನು ಹೇಳೋದು ಎಲ್ಲಾ ಮಾತಿಗೂ ಬೇಡ, ಆದರೆ ಒಂದೂ ಬೇಡ ಅನ್ನೋದೂ ಸರಿಯಲ್ಲ ಅಂತ. ಮಂತ್ರಿ ಮೊದಲ ಸಲ ಬಾಯಿ ಬಿಡೋ ಆ ಒಂದು ಶಾಟ್ ಇದೆಯಲ್ಲ, ಅದರಲ್ಲಿ ಬಾಯಿ ಆಡಲೇಬೇಕು. ಪೋಸ್ಟರ್, ಟ್ರೈಲರ್ ಎರಡಕ್ಕೂ ಅದೇ ಸಾಕು, ನಿರ್ಮಾಪಕರ ಬಾಯಿಯೂ ಮುಚ್ಚುತ್ತೆ. ಹತ್ತು ಶಾಟ್‌ಗೆ ದುಡ್ಡು ಹಾಕಿ, ಚೆನ್ನಾಗಿ ಮಾಡಿಸಿ. ಮಿಕ್ಕವು ಮರೆಯಲ್ಲಿ ನಡೀಲಿ: ನಾಯಿ ಬೆನ್ನು ತಿರುಗಿಸಿ ಕಿಟಕಿ ಹೊರಗೆ ನೋಡ್ತಾ ಮಾತಾಡಲಿ, ಮೇಜಿನ ಕೆಳಗಿಂದ ಮಾತಾಡಲಿ, ಕತ್ತಲೆಯಲ್ಲಿ ಮಾತಾಡಲಿ, ಅಪ್ಪನ ಮುಖದ ಕ್ಲೋಸಪ್ ಮೇಲೆ ಅದರ ಧ್ವನಿ ಬರಲಿ.

ಕಂಠದಾನಿ

ಬಾಯಲ್ಲಿ ಚೆಂಡು ಕಚ್ಚಿಕೊಂಡು ಮಾತಾಡಲಿ! ತುಟಿ ಆಡೋ ಪ್ರಶ್ನೆನೇ ಇಲ್ಲ. ನಾನು ಮೈಕ್ ಮುಂದೆ ಬಾಯಲ್ಲಿ ಕರವಸ್ತ್ರ ತುರುಕಿಕೊಂಡು ಹೇಳ್ತೀನಿ. "ಹೇಹೋದು ಹೇಹಿ ಹೇಹಿ ಹಾಹಾಯ್ತು." ಮಗ "ಮೊದಲು ಚೆಂಡು ಕೆಳಗಿಡೋ" ಅಂತಾನೆ, ನಾಯಿ ಇಡಲ್ಲ. ಮನೆಯ ಅತಿ ದೊಡ್ಡ ಗುಟ್ಟು ಆ ಚೆಂಡಿನ ಹಿಂದೆ ಸಿಕ್ಕಿಹಾಕಿಕೊಂಡಿದೆ.

ಸುಮ್ನಿರು ಬಸ್ಯಾ

ಮೇಡಂ, ಈ ಸೀನ್ ಸಲುವಾಗಿನ ನಾ ಟಿಕೆಟ್ ತಗೋತೀನಿ.

ಮೂರನೇ ಸಾಲು

ನಮ್ಮನೆಯಿಂದ ನಾಲ್ಕು ಟಿಕೆಟ್.

ಚಿಲ್ಲರೆ ಡೈರೆಕ್ಟರ್

ಸರಿ, ಈಗ ಒಂದು ಸೀನ್ ಹಾಕ್ತೀನಿ, ಹರಿದು ಹಾಕಿ. ಅಪ್ಪ ಆಫೀಸಿಗೆ ಅಂತ ಹೋಗಿ ಸಂಜೆ ವಾಪಸ್ ಬರ್ತಾನೆ.

ಮಂತ್ರಿ: "ಯಜಮಾನರೇ, ನೀವು ಇವತ್ತೂ ಆಫೀಸಿಗೆ ಹೋಗಿಲ್ಲ. ನಿಮ್ಮ ಶೂನಲ್ಲಿ ಪಾರ್ಕಿನ ಮಣ್ಣಿನ ವಾಸನೆ ಬರ್ತಿದೆ. ಬೆಂಚಿನ ಮೇಲೆ ಕೂತು ಪಾರಿವಾಳಕ್ಕೆ ಕಾಳು ಹಾಕಿದ್ದೀರಿ. ಇದನ್ನ ಅಮ್ಮಾವರಿಗೆ ಹೇಳಬಾರದು ಅಂದ್ರೆ ನನಗೆ ಸೋಫಾ ಮೇಲೆ ಮಲಗೋಕೆ ಬಿಡಬೇಕು."

ಅಪ್ಪ: "ಏನೋ! ನೀನು ನನಗೇ ಬ್ಲ್ಯಾಕ್‌ಮೇಲ್ ಮಾಡ್ತೀಯಾ?"

ಕತ್ತರಿ ಕೆಲಸ

ವಿಚಾರ ಬಹಳ ಚೆನ್ನಾಗಿದೆ, ಮಾತು ಜಾಸ್ತಿ. ನಾಯಿ ಪತ್ತೇದಾರನ ಥರ ವರದಿ ಒಪ್ಪಿಸ್ತಿದೆ. ಹೀಗೆ ಮಾಡಿ ನೋಡೋಣ:

ಅಪ್ಪ ಬಾಗಿಲು ತೆಗೆದು ಬರ್ತಾನೆ, ಶೂ ಬಿಚ್ಚಿಡ್ತಾನೆ. ಅಮ್ಮ ಒಳಗಿನಿಂದ, "ಆಫೀಸಲ್ಲಿ ಇವತ್ತು ಹೇಗಿತ್ತು?" ಅಪ್ಪ, "ಅಯ್ಯೋ, ಮೀಟಿಂಗ್ ಮೇಲೆ ಮೀಟಿಂಗ್." ಮಂತ್ರಿ ಬಂದು ಎಡಗಾಲಿನ ಶೂ ಮೂಸುತ್ತೆ. ಬಲಗಾಲಿನ ಶೂ ಮೂಸುತ್ತೆ. ಶೂ ಅಂಚಿಗೆ ಅಂಟಿದ್ದ ಪಾರಿವಾಳದ ಪುಕ್ಕವನ್ನ ಹಲ್ಲಲ್ಲಿ ಎತ್ತಿಕೊಂಡು ಅಡುಗೆಮನೆ ಕಡೆ ನಿಧಾನಕ್ಕೆ ಎರಡು ಹೆಜ್ಜೆ ಹಾಕುತ್ತೆ. ನಿಂತು ಅಪ್ಪನ್ನ ನೋಡುತ್ತೆ. ಅಪ್ಪನಿಗೆ ಬೆವರು. ಪಿಸುದನಿಯಲ್ಲಿ, "ಏನು ಬೇಕು?"

ಮಂತ್ರಿ: "ಸೋಫಾ."

ಕಟ್. ಮಂತ್ರಿ ಸೋಫಾ ಮೇಲೆ ಕಾಲು ಚಾಚಿ ಮಲಗಿದೆ, ಅಪ್ಪ ಕೆಳಗೆ ನೆಲದ ಮೇಲೆ ಕೂತು ಟೀವಿ ನೋಡ್ತಿದ್ದಾನೆ.

ಚಿಲ್ಲರೆ ಡೈರೆಕ್ಟರ್

ಅಯ್ಯಯ್ಯೋ. ನಾಲ್ಕು ಸಾಲು ಹೋಗಿ ಒಂದು ಪದ ಆಯ್ತು.

ಫ್ರೇಮ್‌ಗಣಿತ

ಮೂರು ಸೆಕೆಂಡಿನ 72 ಫ್ರೇಮ್ ಇರಲಿ, 20 ಕೂಡ ಆಗಲ್ಲ. ಬಾಯಲ್ಲಿ ಪುಕ್ಕ ಬೇರೆ ಇರೋದರಿಂದ ಆಡಿಸದೇನೂ ಇರಬಹುದು.

ಕಂಠದಾನಿ

ತಡೀರಿ, 'ಸೋಫಾ'ದಲ್ಲಿ ಫ ಇದೆ. ನಮ್ಮ ಬಾಯಲ್ಲಿ ಅದು ಇಂಗ್ಲಿಷಿನ ಹಾಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಿಸಿ ಬರುತ್ತೆ, ಪೂರ್ತಿ ಮುಚ್ಚೋದು ಬೇಕಿಲ್ಲ. ಆದರೂ ಮೊದಲ ಸಲ ಬಾಯಿ ಆಡಿಸೋ ಶಾಟ್ ಇದೇ ಆದರೆ 'ಹಾಸಿಗೆ' ಒಳ್ಳೇದು. ಮೂರು ಅಕ್ಷರ, ಎಲ್ಲೂ ತುಟಿ ಕೂಡಲ್ಲ.

ಕತ್ತರಿ ಕೆಲಸ

'ಹಾಸಿಗೆ'ಗೆ ಯಾರೂ ನಗಲ್ಲ. 'ಸೋಫಾ'ದಲ್ಲಿ ಒಂದು ಗತ್ತಿದೆ.

ಕಂಠದಾನಿ

ಅದು ಹೇಳೋರ ಮೇಲೆ ಹೋಗುತ್ತೆ ಸರ್. ನನ್ನ ಕೈಗೆ ಕೊಡಿ, ಹಾಸಿಗೆಯಲ್ಲೂ ಗತ್ತು ತರ್ತೀನಿ.

ಶ್ವಾನಸಂಗಿ

ಪುಕ್ಕ ಎತ್ತಿಕೊಂಡು ಎರಡು ಹೆಜ್ಜೆ ನಡೆದು ನಿಂತು ತಿರುಗಿ ನೋಡೋದು, ಇದು ನಾಲ್ಕು ಬೇರೆಬೇರೆ ಕೆಲಸ, ನೆನಪಿರಲಿ. ಒಂದೇ ಶಾಟ್‌ನಲ್ಲಿ ಕೇಳಬೇಡಿ. ಎತ್ತಿಕೊಳ್ಳೋದು ಒಂದು, ನಡೆಯೋದು ಒಂದು, ನೋಟ ಒಂದು ಅಂತ ಒಡೆದು ತೆಗೆಯಿರಿ. ನಿಜವಾದ ಪುಕ್ಕ ಬೇಡ, ನುಂಗಿಬಿಡುತ್ತೆ.

ನೋಟಕ್ಕೆ ಬಂದರೆ, ಈ ಸೀನ್ ಪೂರ್ತಿ ನಿಂತಿರೋದು ಹುಬ್ಬಿನ ಮೇಲೆ. ನಾಯಿಗಳಿಗೆ ಒಳಹುಬ್ಬನ್ನ ಮೇಲೆತ್ತೋ ಒಂದು ಸ್ನಾಯು ಚೆನ್ನಾಗಿ ಬೆಳೆದಿದೆ, ತೋಳಗಳಲ್ಲಿ ಅದು ಅಷ್ಟಾಗಿ ಇಲ್ಲ. 2019ರಲ್ಲಿ ಈ ಬಗ್ಗೆ ಸಂಶೋಧನೆ ಪ್ರಕಟ ಆಗಿತ್ತು. ನಮ್ಮ ಜೊತೆ ಸಾವಿರಾರು ವರ್ಷ ಇದ್ದಿದ್ದರಿಂದ ಬಂದದ್ದಿರಬೇಕು ಅಂತ ಅವರ ಅಂದಾಜು. ನೀವು ಬಾಯಿಗೆ ಸುರಿಯೋ ದುಡ್ಡಿನ ಕೆಲಸವನ್ನ ಹುಬ್ಬು ಪುಕ್ಕಟೆ ಮಾಡುತ್ತೆ. ಅದಕ್ಕೆ ನಾಯಿ ಆರಿಸೋವಾಗ ಕಣ್ಣಿನ ಮೇಲೆ ತಿಳಿಬಣ್ಣದ ಎರಡು ಚುಕ್ಕೆ ಇರೋದನ್ನ ನೋಡಿ. ಹುಬ್ಬು ಒಂದು ಎಳೆಯಷ್ಟು ಅಲ್ಲಾಡಿದರೂ ದೂರದಿಂದ ಕಾಣುತ್ತೆ. ಪೂರ್ತಿ ಕಪ್ಪು ನಾಯಿ ಬೇಡ. ನನಗೆ ಕರಿನಾಯಿಗಳು ಪ್ರಾಣ, ಆದರೆ ಕ್ಯಾಮೆರಾದಲ್ಲಿ ಅವುಗಳ ಮುಖಭಾವ ಲೈಟಿಂಗ್‌ಗೆ ಸುಲಭಕ್ಕೆ ಸಿಗಲ್ಲ.

ಫ್ರೇಮ್‌ಗಣಿತ

ನನ್ನ ಕಡೆಯಿಂದಲೂ ಒಂದು ಬೇಡಿಕೆ: ಮೂತಿ ಸುತ್ತ ಗಡ್ಡದ ಹಾಗೆ ಉದ್ದ ಕೂದಲಿರೋ ನಾಯಿ ಬೇಡ, ತುಟಿ ಅಂಚೇ ಸಿಗಲ್ಲ. ಜೋಲುತುಟಿ ಜಾತಿಯೂ ಬೇಡ. ಮತ್ತೆ, ಪ್ರತಿ ಶಾಟ್ ಆದ ಮೇಲೆ ನಾಯಿ ಇಲ್ಲದ ಖಾಲಿ ಫ್ರೇಮ್ ಒಂದು ಹತ್ತು ಸೆಕೆಂಡ್ ಶೂಟ್ ಮಾಡಿ ಇಟ್ಟಿರಿ. ತರಬೇತುದಾರರ ಕೈ ಒಳಗೆ ಬಂದಿದ್ರೆ ಅಳಿಸೋಕೆ ಬೇಕಾಗುತ್ತೆ.

ಹಳೇ ರೀಲು

ದುಡ್ಡಿಲ್ಲ ದುಡ್ಡಿಲ್ಲ ಅಂತ ಕೊರಗೋರಿಗೆ ಒಂದು ಹಳೇ ಕಥೆ. 1905ರಲ್ಲಿ ಇಂಗ್ಲೆಂಡಿನ ಸೆಸಿಲ್ ಹೆಪ್‌ವರ್ತ್ 'ರೆಸ್ಕ್ಯೂಡ್ ಬೈ ರೋವರ್' ಅಂತ ಆರೇಳು ನಿಮಿಷದ ಚಿತ್ರ ಮಾಡಿದ. ಕದ್ದೊಯ್ದ ಮಗುವನ್ನ ಮನೆ ನಾಯಿ ಹುಡುಕಿಕೊಡೋ ಕಥೆ. ಕಥೆ ಬರೆದದ್ದು ಅವನ ಹೆಂಡತಿ, ತಾಯಿ ಪಾತ್ರ ಅವಳದ್ದೇ, ತಂದೆ ಪಾತ್ರ ಅವನದ್ದು, ಮಗು ಅವರದ್ದು, ನಾಯಿ ಅವರ ಮನೆಯ ಬ್ಲೇರ್. ಒಟ್ಟು ಖರ್ಚು 7 ಪೌಂಡ್ 13 ಶಿಲಿಂಗ್ 9 ಪೆನ್ಸ್. ಪ್ರಿಂಟ್‌ಗಳಿಗೆ ಎಷ್ಟು ಬೇಡಿಕೆ ಬಂತು ಅಂದ್ರೆ ನೆಗೆಟಿವ್ ಸವೆದುಹೋಗಿ ಇಡೀ ಚಿತ್ರವನ್ನ ಮತ್ತೆರಡು ಸಲ ಶೂಟ್ ಮಾಡಬೇಕಾಯ್ತು. ನಾಯಿ ಒಂದು ಮಾತೂ ಆಡಲಿಲ್ಲ, ಮೂಕಿ ಕಾಲ ನೋಡಿ.

ಸಿನಿಮಾಗೆ ಮಾತು ಬಂದ ಮೇಲೆ ಏನಾಯ್ತು ಅಂತಲೂ ಕೇಳಿ. 1929ರಿಂದ 1931ರ ನಡುವೆ ಹಾಲಿವುಡ್‌ನ ಎಂಜಿಎಂ ಕಂಪನಿ 'ಡಾಗ್‌ವಿಲ್' ಅಂತ ಕಿರುಚಿತ್ರ ಮಾಲೆ ಮಾಡಿತು. ನಾಯಿಗಳಿಗೆ ಕೋಟು, ಗೌನು ತೊಡಿಸಿ, ಹಿಂಗಾಲ ಮೇಲೆ ನಿಲ್ಲಿಸಿ, ಮನುಷ್ಯರ ಧ್ವನಿ ಕೂಡಿಸಿದ್ದು. ನಾನು ಒಂದೆರಡು ನೋಡಿದ್ದೀನಿ. ನಗುವಿಗಿಂತ ಕಸಿವಿಸಿಯೇ ಜಾಸ್ತಿ. ಅದರಲ್ಲಿ ನಾಯಿ ನಾಯಿಯಾಗಿ ಎಲ್ಲೂ ಇಲ್ಲ.

ಮೂರನೇ ಸಾಲು

ಹೌದು, ಇದನ್ನೇ ನಾನು ಹೇಳೋಕೆ ಒದ್ದಾಡ್ತಿದ್ದೆ. ಮಂತ್ರಿಗೆ ಮಾತು ಬಂದ ಮೇಲೂ ಅದರ ಆಸೆ ನಾಯಿಯದ್ದೇ ಆಗಿರಬೇಕು. ಸೋಫಾ ಬೇಕು, ಚೆಂಡು ಬೇಕು, ಬಾಗಿಲು ಸದ್ದಾದರೆ ಅತಿ ಗಂಭೀರ ಮಾತಿನ ಮಧ್ಯೆ ಎದ್ದು ಓಡಬೇಕು. ಅಪ್ಪನಿಗೆ ಕೆಲಸ ಹೋಗಿದ್ದು ಅದಕ್ಕೆ ದುಃಖದ ವಿಷಯವೇ ಅಲ್ಲ, ಈಗ ಅಪ್ಪ ಹೆಚ್ಚು ಹೊತ್ತು ವಾಕಿಂಗ್ ಕರ್ಕೊಂಡು ಹೋಗಬಹುದಲ್ಲ! ಕ್ಲೈಮ್ಯಾಕ್ಸಲ್ಲಿ ನಾಯಿ ನಿಂತು "ಕುಟುಂಬ ಅಂದ್ರೆ ನಂಬಿಕೆ" ಅಂತ ಭಾಷಣ ಹೊಡೆದರೆ ನಾನು ಎದ್ದು ಬರ್ತೀನಿ. ಇದೆಯಾ ಅಂಥದ್ದು ನಿಮ್ಮ ಸ್ಕ್ರಿಪ್ಟಲ್ಲಿ? ನಿಜ ಹೇಳಿ.

ಚಿಲ್ಲರೆ ಡೈರೆಕ್ಟರ್

ಇದೆ. ಒಂದೂವರೆ ಪುಟ. ಅದನ್ನ ತೆಗೆಯಲ್ಲ, ಜಗಳ ಬೇಕಾದರೆ ಆಡಿ. ಆದರೆ ಒಂದು ಮಾಡ್ತೀನಿ, ಅದನ್ನ ಮಗನ ಬಾಯಿಗೆ ಹಾಕ್ತೀನಿ. ನಾಯಿ ಮಧ್ಯದಲ್ಲಿ ಎದ್ದು ಹೋಗುತ್ತೆ.

ಯಾರಿಗೆ ಕೇಳಿಸುತ್ತೆ ಅನ್ನೋದರ ಬಗ್ಗೆ: ಗುಟ್ಟು ಇಟ್ಟುಕೊಂಡಿರೋರಿಗೆ ಮಾತ್ರ ಕೇಳಿಸಿದರೆ ಹೇಗೆ? ನಿಜ ಒಪ್ಪಿಕೊಂಡ ದಿನ ಅವರಿಗೆ ಮಂತ್ರಿ ಮಾತು ನಿಂತುಹೋಗುತ್ತೆ. ಅಜ್ಜಿಗೆ ಮಾತ್ರ ಕೊನೆವರೆಗೂ ಕೇಳಿಸ್ತಾ ಇರುತ್ತೆ.

ಹಳೇ ರೀಲು

ಈಗ ಕಥೆ ಆಯ್ತು. ಇದನ್ನ ಯಾರಿಗೂ ಹೇಳಬೇಡಿ ಅನ್ನೋಣ ಅಂದ್ರೆ ಇಲ್ಲೇ ಎಲ್ಲರ ಮುಂದೆ ಹೇಳಿಬಿಟ್ಟಿದ್ದೀರಿ.

ಕತ್ತರಿ ಕೆಲಸ

ಇದರಿಂದ ಇನ್ನೊಂದು ಲಾಭ. ದ್ವಿತೀಯಾರ್ಧದಲ್ಲಿ ಒಬ್ಬೊಬ್ಬರೇ ಒಪ್ಪಿಕೊಳ್ತಾ ಹೋದಂತೆ ನಾಯಿ ಡೈಲಾಗ್ ತಾನಾಗೇ ಕಮ್ಮಿ ಆಗುತ್ತೆ. ಗ್ರಾಫಿಕ್ಸ್ ಖರ್ಚು ಕಥೆಯೇ ಉಳಿಸ್ತು.

ಬಂಗುಡೆ ಭಟ್ರು

ಡಬ್ಬಿ ಓದಿದೆ. ಅದರಲ್ಲಿ ಆ ವಿಷ ಇಲ್ಲ. ಆದರೆ ನಾನು ಓದ್ತಿರುವಾಗ ನಾಯಿ ಬಂದು ಎದುರು ಕೂತು ಹುಬ್ಬೆತ್ತಿ ನೋಡಿತು ನೋಡಿ, ಎರಡು ಚಮಚ ಕೊಡಬೇಕಾಯ್ತು. ಒಂದು ಮಾತೂ ಆಡಲಿಲ್ಲ ಅದು.

ಶ್ವಾನಸಂಗಿ

ಎರಡು ಚಮಚ ಜಾಸ್ತಿ ಭಟ್ರೇ!

ಡೈರೆಕ್ಟರ್ ಸರ್, ನಾಯಿ ಹುಡುಕೋಕೆ ಮುಂಚೆ ಆ ಮಗನ ಪಾತ್ರದ ಹುಡುಗನಿಗೆ, ಅಜ್ಜಿ ಪಾತ್ರದವರಿಗೆ ನಾಯಿ ಕೂದಲಿನ ಅಲರ್ಜಿ ಇದೆಯಾ ಕೇಳಿ. ಯಾರೂ ಕೇಳಲ್ಲ, ಶೂಟಿಂಗ್ ಮೊದಲ ದಿನವೇ ಆಕ್ಷೀ ಅಂತ ಸೀನೋಕೆ ಶುರು ಮಾಡ್ತಾರೆ. ಶೂಟಿಂಗ್‌ಗೆ ಮೊದಲೇ ನಾಯಿನ ಆ ಮನೆಗೆ ತಂದು ಬಿಡಿ, ಮೂಲೆಮೂಲೆ ಮೂಸಿಕೊಳ್ಳಲಿ, ಆ ಸೋಫಾ ಮೇಲೂ ಮಲಗಲಿ.

ಚಿಲ್ಲರೆ ಡೈರೆಕ್ಟರ್

ಸೋಫಾ ಬಾಡಿಗೆದು ಮೇಡಂ. ಕೂದಲು ಅಂಟಿದರೆ ಡೆಪಾಸಿಟ್ ವಾಪಸ್ ಕೊಡಲ್ಲ ಅಂದಿದ್ದಾರೆ.

ಕಂಠದಾನಿ

ಹಾಗಾದ್ರೆ 'ಹಾಸಿಗೆ'ನೇ ಗಟ್ಟಿ ಮಾಡಿ.